ಯಂತ್ರ ನಿಲ್ಲುವಾಗಲೇ ಅಟ್ಟ ನಡುಗುವುದು ಏಕೆ?

ಪ್ರಶ್ನೆ: ನಮ್ಮದು ಹೊಸನಗರ ತಾಲೂಕಿನ ಹಳೆಯ ಮನೆ. ಕೊಟ್ಟಿಗೆಯ ಮೇಲಿನ ಮರದ ಅಟ್ಟದ ನಡುಭಾಗದಲ್ಲಿ ಅಡಿಕೆ ಸುಲಿಯುವ ಯಂತ್ರ ಇಟ್ಟಿದ್ದೇವೆ. ಸಿಪ್ಪೆ ನೇರವಾಗಿ ಕೆಳಗೆ ಬೀಳಲಿ, ಮಳೆಗೆ ಏನೂ ನೆನೆಯದಿರಲಿ ಎಂಬ ಲೆಕ್ಕಾಚಾರ. ಮೋಟಾರು ನಿಮಿಷಕ್ಕೆ 1440 ಸುತ್ತಿನದು, ಯಂತ್ರದ ದೊಡ್ಡ ಚಕ್ರ ತಿರುಗುವುದು 720 ಸುತ್ತು. ಪೂರ್ತಿ ವೇಗದಲ್ಲಿ ಓಡುವಾಗ ಅಷ್ಟೇನೂ ತೊಂದರೆಯಿಲ್ಲ. ಸ್ವಿಚ್ ಆರಿಸಿದ ಮೇಲೆ ಚಕ್ರ ನಿಧಾನವಾಗುತ್ತಾ ಬರುವಾಗ ಇಡೀ ಅಟ್ಟ ಗಡಗಡನೆ ನಡುಗುತ್ತದೆ, ಮಾಡಿನ ಹಂಚು ಜಾರುತ್ತಿವೆ. ಮೂಟೆಗಳು ತುಂಬಿರುವ ದಿನ ನಡುಕ ಇನ್ನೂ ಸ್ವಲ್ಪ ತಡವಾಗಿ ಬರುತ್ತದೆ. ಇಂಜಿನಿಯರಿಂಗ್ ಓದುವ ಮಗಳು ಮೊಬೈಲನ್ನು ಯಂತ್ರದ ಕಾಲಿನ ಪಕ್ಕದಲ್ಲಿಟ್ಟು, ಹಿಮ್ಮಡಿಯಿಂದ ಹಲಗೆ ಕುಟ್ಟಿ ಅಳೆದಳು. ಅಟ್ಟ ಸೆಕೆಂಡಿಗೆ ಎಂಟು ಸಲ ಅಲುಗುತ್ತದೆ, ಐದು ಅಲುಗಾಟದಲ್ಲಿ ಅರ್ಧಕ್ಕೆ ಇಳಿಯುತ್ತದೆ ಎಂದಳು. ಬಡಗಿಯವರು ಈಗಿರುವ ತೊಲೆಯ ಪಕ್ಕಕ್ಕೆ ಅಂಥದೇ ಇನ್ನೊಂದು ತೊಲೆ ಕೊಡೋಣ ಎನ್ನುತ್ತಾರೆ. ಅಂಗಡಿಯವರು ರಬ್ಬರ್ ಹಾಳೆ ಸಾಕು ಎನ್ನುತ್ತಾರೆ. ಯಾರ ಮಾತು ಕೇಳುವುದು? ಇನ್ನೊಂದು ಸಂದೇಹ: ನಮ್ಮೂರ ತೂಗುಸೇತುವೆಯ ಮೇಲೆ ಶಾಲೆಯ ಮಕ್ಕಳು ಸಾಲಾಗಿ ಓಡಿದರೆ ಅದು ಪಕ್ಕಕ್ಕೆ ತೂಗುತ್ತದೆ. ಸೈನಿಕರು ಕವಾಯತಿನ ಹೆಜ್ಜೆ ಹಾಕಿ ಸೇತುವೆ ಬಿದ್ದ ಕಥೆ ನಿಜವೇ?

ಉತ್ತರ: ತೊಲೆ ಕೊಡುವ ಕೆಲಸವನ್ನು ಸದ್ಯಕ್ಕೆ ನಿಲ್ಲಿಸಿ. ನಿಮ್ಮ ಬಡಗಿಯವರ ಅನುಭವದ ಬಗ್ಗೆ ನನಗೆ ಅನುಮಾನವಿಲ್ಲ, ಭಾರ ಹೊರುವ ಮಟ್ಟಿಗೆ ಅವರ ಸಲಹೆ ಸರಿಯಾದದ್ದೇ. ಆದರೆ ನಿಮ್ಮ ಅಟ್ಟಕ್ಕೆ ಬಂದಿರುವುದು ಭಾರದ ತೊಂದರೆಯಲ್ಲ. ಅವರು ಹೇಳಿದ ಒಂದು ತೊಲೆಯನ್ನು ಕೊಟ್ಟರೆ, ಈಗ ನಿಲ್ಲಿಸುವಾಗ ಕೆಲವು ಕ್ಷಣ ಬಂದು ಹೋಗುವ ನಡುಕ ದಿನವಿಡೀ ಬರುವ ಸಂಭವ ಇದೆ. ಯಾಕೆಂದು ಹೇಳುತ್ತೇನೆ. ನಿಮ್ಮ ಮಗಳು ಅಳೆದ ಎರಡು ಅಂಕಿಗಳು ಇಲ್ಲದಿದ್ದರೆ ಇಷ್ಟು ಖಚಿತವಾಗಿ ಹೇಳಲು ಆಗುತ್ತಿರಲಿಲ್ಲ. ಆ ಹುಡುಗಿಗೆ ನನ್ನ ಮೆಚ್ಚುಗೆ ತಿಳಿಸಿ.

ಸ್ಥಿತಿಸ್ಥಾಪಕ ಗುಣ ಇರುವ ಯಾವುದೇ ವಸ್ತುವನ್ನು ತಟ್ಟಿ ಬಿಟ್ಟರೆ ಅದು ತನ್ನದೇ ಒಂದು ಲಯದಲ್ಲಿ ಅಲುಗುತ್ತದೆ. ಅದನ್ನು ಸ್ವಾಭಾವಿಕ ಆವೃತ್ತಿ ಎನ್ನುತ್ತಾರೆ. ಅದು ಎಷ್ಟಿರಬೇಕೆಂದು ತೀರ್ಮಾನಿಸುವುದು ಎರಡೇ ಸಂಗತಿ: ವಸ್ತು ಎಷ್ಟು ಬಿಗಿ, ಅದರ ಮೇಲಿನ ರಾಶಿ ಎಷ್ಟು. ಬಿಗಿ ಹೆಚ್ಚಿದರೆ ಆವೃತ್ತಿ ಏರುತ್ತದೆ, ರಾಶಿ ಹೆಚ್ಚಿದರೆ ಇಳಿಯುತ್ತದೆ. ಎರಡೂ ವರ್ಗಮೂಲದ ಲೆಕ್ಕದಲ್ಲಿ ನಡೆಯುವುದರಿಂದ, ಬಿಗಿಯನ್ನು ನಾಲ್ಕು ಪಟ್ಟು ಮಾಡಿದರೆ ಮಾತ್ರ ಆವೃತ್ತಿ ಎರಡು ಪಟ್ಟಾಗುತ್ತದೆ. ನಿಮ್ಮ ಅಟ್ಟದ ಆವೃತ್ತಿ ಸೆಕೆಂಡಿಗೆ 8, ಅಂದರೆ 8 ಹರ್ಟ್ಜ್. ಅಳೆಯಲು ಮೊಬೈಲ್ ಇಲ್ಲದವರಿಗೂ ಒಂದು ಅಂದಾಜು ಸೂತ್ರ ಇದೆ. ಭಾರ ಇಟ್ಟಾಗ ನೆಲ ಎಷ್ಟು ಮಿಲಿಮೀಟರ್ ಜಗ್ಗುತ್ತದೆಯೋ ಅದರ ವರ್ಗಮೂಲದಿಂದ 15.8 ಅನ್ನು ಭಾಗಿಸಿದರೆ ಆವೃತ್ತಿ ಸಿಗುತ್ತದೆ. 4 ಮಿಲಿಮೀಟರ್ ಜಗ್ಗಿದರೆ ಸುಮಾರು 8 ಹರ್ಟ್ಜ್. ಹಳೆಯ ಮರದ ಅಟ್ಟಗಳಿಗೆ ಇದು ಅಚ್ಚರಿಯ ಅಂಕಿಯೇನಲ್ಲ.

ಈಗ ಯಂತ್ರದ ಕಡೆಗೆ ಬನ್ನಿ. ಪೂರ್ತಿ ಸಮತೋಲದಲ್ಲಿರುವ ಚಕ್ರ ಎಂಬುದು ಲೋಕದಲ್ಲಿ ಇಲ್ಲ. ಒಂದು ಬದಿ ತುಸು ಭಾರವಿದ್ದೇ ಇರುತ್ತದೆ, ಆ ಭಾರ ಪ್ರತಿ ಸುತ್ತಿಗೂ ಅಟ್ಟವನ್ನು ಒಂದು ಸಲ ಕೆಳಕ್ಕೆ ಒತ್ತಿ ಒಂದು ಸಲ ಮೇಲಕ್ಕೆ ಎಳೆಯುತ್ತದೆ. ನಿಮಿಷಕ್ಕೆ 720 ಸುತ್ತು ಎಂದರೆ ಸೆಕೆಂಡಿಗೆ 12. ಅಟ್ಟದ ಸ್ವಂತ ಲಯ 8, ಯಂತ್ರದ ಒತ್ತು 12. ಎರಡರ ಲಯ ಕೂಡುವುದಿಲ್ಲ, ಆದ್ದರಿಂದ ಪೂರ್ತಿ ವೇಗದಲ್ಲಿ ನೀವು ಸುಖವಾಗಿದ್ದೀರಿ. ಚಕ್ರ ಸೊನ್ನೆಯಿಂದ 12ಕ್ಕೆ ಏರುವಾಗಲೂ 12ರಿಂದ ಸೊನ್ನೆಗೆ ಇಳಿಯುವಾಗಲೂ 8ರ ಮೂಲಕ ಹಾದೇ ಹೋಗಬೇಕು. ಆ ಕ್ಷಣದಲ್ಲಿ ಪ್ರತಿ ಒತ್ತೂ ಅಟ್ಟದ ಚಲನೆಯ ದಿಕ್ಕಿಗೇ ಬೀಳುತ್ತದೆ. ಅದೇ ಅನುರಣನ. ಚಿಕ್ಕ ಒತ್ತುಗಳು ಒಂದರ ಮೇಲೊಂದು ಕೂಡಿಕೊಂಡು ದೊಡ್ಡ ಅಲುಗಾಟವಾಗುತ್ತವೆ.

ಹಾಗಾದರೆ ಶುರು ಮಾಡುವಾಗ ಯಾಕೆ ಅಷ್ಟು ನಡುಗುವುದಿಲ್ಲ? ಇದೇ ನಿಮ್ಮ ಪತ್ರದ ಅತ್ಯಂತ ಮುಖ್ಯ ಸುಳಿವು. ಅನುರಣನ ಎಂಬುದು ಮಿಂಚಿನಂತೆ ಎರಗುವುದಿಲ್ಲ, ಅದು ಬೆಳೆಯಲು ಕಾಲ ಬೇಕು. ನಿಮ್ಮ ಅಟ್ಟದಲ್ಲಿ ಕಂಪನ ತನ್ನ ಪೂರ್ಣ ಮಟ್ಟದ ಮೂರರಲ್ಲಿ ಎರಡು ಪಾಲಿನಷ್ಟಕ್ಕೆ ಏರಲು ಸುಮಾರು ಏಳು ಅಲುಗಾಟ, ಅಂದರೆ ಒಂದು ಸೆಕೆಂಡಿಗೆ ತುಸು ಕಡಿಮೆ ಹಿಡಿಯುತ್ತದೆ. ಸ್ವಿಚ್ ಹಾಕಿದ ಕೂಡಲೇ ಮೋಟಾರು ಚಕ್ರವನ್ನು ಎಳೆದುಕೊಂಡು 8ರ ಆಸುಪಾಸನ್ನು ಕ್ಷಣಾರ್ಧದಲ್ಲಿ ದಾಟಿಸಿಬಿಡುತ್ತದೆ, ನಡುಕಕ್ಕೆ ತಲೆ ಎತ್ತಲು ಸಮಯವೇ ಸಿಗುವುದಿಲ್ಲ. ನಿಲ್ಲಿಸುವಾಗ ಹಾಗಲ್ಲ. ಭಾರದ ಚಕ್ರ ತನ್ನ ಪಾಡಿಗೆ ತಿರುಗುತ್ತಾ, ಬೇರಿಂಗಿನ ಘರ್ಷಣೆ ಬಿಟ್ಟರೆ ತಡೆಯುವವರಿಲ್ಲದೆ, 9ರಿಂದ 7ಕ್ಕೆ ಇಳಿಯಲು ಹಲವು ಸೆಕೆಂಡು ತೆಗೆದುಕೊಳ್ಳುತ್ತದೆ. ಅಷ್ಟು ಹೊತ್ತು ಅಟ್ಟಕ್ಕೆ ತಾಳ ಸರಿಯಾಗಿ ಸಿಗುತ್ತದೆ. ವೋಲ್ಟೇಜ್ ಇಳಿದಿರುವ ಸಂಜೆ ಶುರು ಮಾಡುವಾಗಲೂ ನಡುಕ ಬರುವುದನ್ನು ನೀವು ಗಮನಿಸಿರಬಹುದು. ಇಂಥ ಮೋಟಾರುಗಳ ತಿರುಚು ಬಲ ವೋಲ್ಟೇಜಿನ ವರ್ಗಕ್ಕೆ ಅನುಗುಣವಾಗಿರುತ್ತದೆ. 230 ವೋಲ್ಟ್ ಇರಬೇಕಾದಲ್ಲಿ 160 ಬಂದರೆ ಬಲ ಅರ್ಧಕ್ಕಿಂತ ಕಡಿಮೆ, ಮೋಟಾರು ಏದುಸಿರು ಬಿಡುತ್ತಾ ಆ ಅಪಾಯದ ವೇಗದಲ್ಲೇ ತೆವಳುತ್ತದೆ. ಮಲೆನಾಡಿನ ಕೊನೆಯ ಕಂಬದ ಮನೆಗಳಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ.

ಮೂಟೆಗಳ ವಿಷಯವೂ ಇದೇ ಲೆಕ್ಕಕ್ಕೆ ಸರಿಯಾಗಿ ಕೂರುತ್ತದೆ. ಅಟ್ಟದ ಮೇಲೆ ರಾಶಿ ಹೆಚ್ಚಿದರೆ ಅದರ ಲಯ ಇಳಿಯುತ್ತದೆ. ಅಲುಗುವ ಒಟ್ಟು ರಾಶಿ ಐದರಲ್ಲಿ ಒಂದು ಪಾಲು ಹೆಚ್ಚಿದರೆ 8 ಇದ್ದದ್ದು 7.3 ಆಗುತ್ತದೆ. ಚಕ್ರ ಆ ವೇಗಕ್ಕೆ ಇಳಿಯುವುದು ತುಸು ತಡವಾಗಿ, ನಡುಕವೂ ತಡವಾಗಿ. ನಿಮ್ಮ ಕಣ್ಣು ಚೆನ್ನಾಗಿದೆ. ಮನೆಯವರು ಇಂಥ ಸಣ್ಣ ವ್ಯತ್ಯಾಸವನ್ನು ಬರೆದು ತಿಳಿಸಿದರೆ ಉತ್ತರಿಸುವವನ ಅರ್ಧ ಕೆಲಸ ಮುಗಿದಂತೆಯೇ.

ಈಗ ಆ ತೊಲೆಯ ಮಾತು. ಈಗಿರುವಂಥದೇ ಇನ್ನೊಂದು ತೊಲೆಯನ್ನು ಪಕ್ಕಕ್ಕೆ ಕೊಟ್ಟರೆ ಬಿಗಿ ಹೆಚ್ಚುಕಡಿಮೆ ಎರಡು ಪಟ್ಟಾಗುತ್ತದೆ. ಆವೃತ್ತಿ ಏರುವುದು 1.41 ಪಟ್ಟು. ಎಂಟನ್ನು ಗುಣಿಸಿ ನೋಡಿ: 11.3. ನಿಮ್ಮ ಯಂತ್ರ ದಿನವಿಡೀ ಓಡುವುದು 12ರಲ್ಲಿ! ತೊಲೆಯ ಸ್ವಂತ ತೂಕದಿಂದ ಅದು 11ಕ್ಕೆ ಇಳಿಯಬಹುದು, ಆದರೂ ನೆರೆಮನೆಯೇ. ಹಾದುಹೋಗುವಾಗ ಮಾತ್ರ ಎದುರಾಗುತ್ತಿದ್ದ ಅನುರಣನವನ್ನು ನೀವೇ ಕರೆದು ಯಂತ್ರದ ಪಕ್ಕದಲ್ಲಿ ಕೂರಿಸಿದಂತಾಗುತ್ತದೆ. ನಡುಗುವುದನ್ನು ಕಂಡ ಕೂಡಲೇ ಗಟ್ಟಿ ಮಾಡು ಎಂಬುದು ಎಲ್ಲರ ಮೊದಲ ಬುದ್ಧಿ. ಗಟ್ಟಿ ಮಾಡುವುದಾದರೆ ಯಂತ್ರದ ವೇಗವನ್ನು ಚೆನ್ನಾಗಿ ದಾಟುವಷ್ಟು ಮಾಡಬೇಕು, ಅರೆಬರೆ ಗಟ್ಟಿ ಮಾಡುವುದು ಏನೂ ಮಾಡದಿರುವುದಕ್ಕಿಂತ ಕೆಟ್ಟದ್ದು. ಯಂತ್ರವನ್ನು ನಡುವಿನಿಂದ ಸ್ವಲ್ಪ ಗೋಡೆಯ ಕಡೆಗೆ ಸರಿಸೋಣ ಎಂದು ಯಾರಾದರೂ ಹೇಳಿದರೆ ಅಲ್ಲಿಯೂ ಇದೇ ಬಲೆ ಇದೆ. ತೊಲೆಯ ಉದ್ದದ ಕಾಲು ಭಾಗಕ್ಕೆ ಸರಿಸಿದರೆ ಯಂತ್ರಕ್ಕೆ ಸಿಗುವ ಬಿಗಿ 1.8 ಪಟ್ಟಿನಷ್ಟು ಹೆಚ್ಚುತ್ತದೆ, ಲಯ ಮತ್ತೆ 10.7ರ ಹತ್ತಿರ. ಪೂರ್ತಿ ಗೋಡೆಯ ಬುಡಕ್ಕೆ, ಉದ್ದದ ಹತ್ತನೇ ಒಂದು ಭಾಗಕ್ಕೆ ಒಯ್ದರೆ 22ರವರೆಗೂ ಏರಬಹುದು. ಅಲ್ಲಿ ದೊಡ್ಡ ಚಕ್ರದ ಕಾಟ ತಪ್ಪುತ್ತದೆ, ಆದರೆ ಮೋಟಾರಿನ 1440 ಸುತ್ತು ಎಂದರೆ 24 ಹರ್ಟ್ಜ್ ಎಂಬುದನ್ನು ಮರೆಯಬೇಡಿ. ಮೋಟಾರು ಕಾರ್ಖಾನೆಯಲ್ಲೇ ಸಮತೋಲ ನೋಡಿಕೊಂಡು ಬಂದಿರುತ್ತದೆ, ಅದರ ಒತ್ತು ಚಿಕ್ಕದು. ಆದರೂ ಅದರ ಪಕ್ಕಕ್ಕೆ ಹೋಗಿ ಕೂರುವುದು ಜಾಣತನವಲ್ಲ.

ರಬ್ಬರ್ ಹಾಳೆಯದು ಇನ್ನೊಂದು ಕಥೆ. ರಬ್ಬರ್ ಎಂದ ಕೂಡಲೇ ಕಂಪನ ಹೀರಿಬಿಡುತ್ತದೆ ಎಂಬ ನಂಬಿಕೆ ನಮ್ಮಲ್ಲಿ ಗಾಢವಾಗಿದೆ. ಅಂಗಡಿಯಲ್ಲಿ ಸಿಗುವ ತೆಳುವಾದ ಗಟ್ಟಿ ಹಾಳೆ ಯಂತ್ರದ ಭಾರಕ್ಕೆ ಅರ್ಧ ಮಿಲಿಮೀಟರ್ ಜಗ್ಗಿದರೆ ಹೆಚ್ಚು. ಮೇಲೆ ಹೇಳಿದ ಸೂತ್ರದ ಪ್ರಕಾರ ಅದರ ಲಯ 22 ಹರ್ಟ್ಜ್. ಆಧಾರ ಕಂಪನವನ್ನು ತಡೆಯಬೇಕಾದರೆ ಯಂತ್ರದ ವೇಗ ಆಧಾರದ ಲಯದ 1.41 ಪಟ್ಟಿಗಿಂತ ಮೇಲಿರಬೇಕು. ಅದಕ್ಕಿಂತ ಕೆಳಗಿದ್ದರೆ ತಡೆಯುವ ಬದಲು ತುಸು ಹೆಚ್ಚಿಸಿಯೇ ಕೊಡುತ್ತದೆ. 12 ಹರ್ಟ್ಜಿನ ಒತ್ತನ್ನು ಎಂಟನೇ ಒಂದು ಭಾಗಕ್ಕೆ ಇಳಿಸಬೇಕಾದರೆ ಆಧಾರದ ಲಯ 4 ಇರಬೇಕು, ಅಂದರೆ ಭಾರ ಇಟ್ಟಾಗ ಅದು ಸುಮಾರು 16 ಮಿಲಿಮೀಟರ್ ಜಗ್ಗಬೇಕು. ಅದು ಹಾಳೆಯ ಕೆಲಸವಲ್ಲ, ಸ್ಪ್ರಿಂಗಿನ ಕೆಲಸ. ಸ್ಪ್ರಿಂಗ್ ಹಾಕಿ ಅಟ್ಟದ ಮೇಲೆಯೇ ಇಟ್ಟರೆ ಆಗುವುದಿಲ್ಲವೇ ಎಂದು ಕೇಳಬಹುದು. ಗಟ್ಟಿ ನೆಲದ ಮೇಲಾದರೆ ಆಗುತ್ತದೆ. ಅಟ್ಟವೂ ಒಂದು ಸ್ಪ್ರಿಂಗೇ ಆದ್ದರಿಂದ ಅಲ್ಲಿ ಸ್ಪ್ರಿಂಗಿನ ಮೇಲೆ ಸ್ಪ್ರಿಂಗ್ ಆಗಿ ಎರಡು ಹೊಸ ಲಯಗಳು ಹುಟ್ಟುತ್ತವೆ. ಯಂತ್ರದ ರಾಶಿಯಿಂದ ಬಿಡುಗಡೆ ಪಡೆದ ಅಟ್ಟದ ಲಯ ಮೇಲೇರಿ 12ರ ಹತ್ತಿರ ಬಂದು ಕೂರಬಹುದು. ಲೆಕ್ಕ ಹಾಕದೆ ಅದಕ್ಕೆ ಕೈ ಹಾಕಬೇಡಿ.

ಅನುರಣನದಲ್ಲಿ ಕಂಪನ ಎಷ್ಟು ಎತ್ತರಕ್ಕೆ ಬೆಳೆಯುತ್ತದೆ ಎಂಬುದನ್ನು ನಿರ್ಧರಿಸುವುದು ಅವಮಂದನ, ಅಂದರೆ ಅಲುಗಾಟದ ಶಕ್ತಿಯನ್ನು ಪ್ರತಿ ಸುತ್ತಿನಲ್ಲೂ ಸ್ವಲ್ಪ ಸ್ವಲ್ಪವಾಗಿ ಶಾಖವಾಗಿ ಕಳೆಯುವ ಗುಣ. ಮರದ ನಾರಿನೊಳಗೆ, ಕೂಡುಕಟ್ಟಿನ ಸಂದಿನಲ್ಲಿ, ಮೊಳೆ ಹಲಗೆಯನ್ನು ಉಜ್ಜುವಲ್ಲಿ ಅದು ನಡೆಯುತ್ತದೆ. ಅದಿಲ್ಲದಿದ್ದರೆ ತಟ್ಟಿದ ಅಟ್ಟ ಇಂದಿಗೂ ಅಲುಗುತ್ತಲೇ ಇರುತ್ತಿತ್ತು. ಅದನ್ನು ಅಳೆಯಲು ನಿಮ್ಮ ಮಗಳು ಮಾಡಿದ ಎಣಿಕೆಯೇ ಸಾಕು: ಕಂಪನ ಅರ್ಧಕ್ಕೆ ಇಳಿಯಲು ಬೇಕಾದ ಅಲುಗಾಟಗಳ ಸಂಖ್ಯೆಯಿಂದ 0.11 ಅನ್ನು ಭಾಗಿಸಿ. ಐದು ಅಲುಗಾಟಕ್ಕೆ 0.022, ಅಂದರೆ ಶೇಕಡ 2.2. ಅದೇ ಸಂಖ್ಯೆಯನ್ನು 4.5ರಿಂದ ಗುಣಿಸಿದರೆ ಅನುರಣನದಲ್ಲಿ ಒತ್ತು ಎಷ್ಟು ಪಟ್ಟು ಹಿಗ್ಗುತ್ತದೆ ಎಂಬುದು ಸಿಗುತ್ತದೆ, ನಿಮ್ಮಲ್ಲಿ ಸುಮಾರು 23. ಅನುರಣನ ಎಂಬ ದೊಡ್ಡ ಹೆಸರಿನ ಹಿಂದೆ ಇರುವುದು ಇಷ್ಟೇ ಲೆಕ್ಕ. ನಿಧಾನವಾಗಿ ಒಂದು ಮಿಲಿಮೀಟರಿನ ಇಪ್ಪತ್ತರಲ್ಲಿ ಒಂದು ಪಾಲು ಬಾಗಿಸಬಲ್ಲ ಒತ್ತು, 8 ಹರ್ಟ್ಜಿನಲ್ಲಿ ಬಂದು ನಿಂತರೆ ಒಂದು ಮಿಲಿಮೀಟರಿಗಿಂತ ಹೆಚ್ಚು ಅಲ್ಲಾಡಿಸುತ್ತದೆ. ಹಂಚು ಜಾರಲು ಅಷ್ಟು ಸಾಕು.

ಅವಮಂದನವನ್ನು ಹೆಚ್ಚಿಸಿದರೆ ಪರಿಹಾರವಾಗುತ್ತದೆಯೇ? ಭಾಗಶಃ ಆಗುತ್ತದೆ. ಎಲ್ಲಿ ಆಗುತ್ತದೆ, ಎಲ್ಲಿ ಇಲ್ಲ ಎಂಬುದನ್ನು ತಿಳಿಯದೆ ಜನ ದುಡ್ಡು ಕಳೆಯುತ್ತಾರೆ. ನಿಮ್ಮ ಅಟ್ಟದ ಅವಮಂದನವನ್ನು ಎರಡು ಪಟ್ಟು ಮಾಡಿದಿರಿ ಎನ್ನೋಣ. 8 ಹರ್ಟ್ಜಿನಲ್ಲಿ ಹಿಗ್ಗುವಿಕೆ 23ರಿಂದ 11ಕ್ಕೆ ಇಳಿಯುತ್ತದೆ. ಭಾರೀ ಲಾಭ. 12 ಹರ್ಟ್ಜಿನಲ್ಲಿ ಓಡುವಾಗ ಅದು 0.799ರಿಂದ 0.796ಕ್ಕೆ ಇಳಿಯುತ್ತದೆ. ಅಂದರೆ ಏನೂ ಇಲ್ಲ. ಯಂತ್ರ ಮತ್ತು ಆಧಾರದ ಲಯ ಕೂಡುವ ಆ ಇಕ್ಕಟ್ಟಿನ ಜಾಗದಲ್ಲಿ ಮಾತ್ರ ಅವಮಂದನಕ್ಕೆ ಬೆಲೆ, ಅದರಿಂದ ದೂರ ಹೋದಂತೆ ಬಿಗಿ ಮತ್ತು ರಾಶಿಗಳದ್ದೇ ಆಡಳಿತ. ಇನ್ನೊಂದು ವಿಚಿತ್ರ: ಸ್ಪ್ರಿಂಗಿನ ಮೇಲೆ ಸರಿಯಾಗಿ ಕೂರಿಸಿದ ಯಂತ್ರಕ್ಕೆ ಅವಮಂದನ ಅತಿಯಾದರೆ, 1.41 ಪಟ್ಟಿನ ಗಡಿ ದಾಟಿದ ವೇಗದಲ್ಲಿ, ನೆಲಕ್ಕೆ ಹೋಗುವ ಕಂಪನ ಕಡಿಮೆಯಾಗುವ ಬದಲು ಹೆಚ್ಚುತ್ತದೆ. ಕಂಪನ ಕಂಡಲ್ಲೆಲ್ಲ ಅವಮಂದಕ ಜೋಡಿಸುವ ಚಾಳಿಯನ್ನು ನಾನು ಒಪ್ಪದಿರುವುದು ಇದಕ್ಕೇ.

ನಿಮ್ಮದು ಹಾದುಹೋಗುವಾಗಿನ ತೊಂದರೆಯಾದ್ದರಿಂದ ಅವಮಂದನ ನಿಮಗೆ ಕೆಲಸಕ್ಕೆ ಬರುತ್ತದೆ, ಅದೂ ಕಡಿಮೆ ಖರ್ಚಿನಲ್ಲಿ. ಒಣ ಮರಳನ್ನು ಸಡಿಲವಾಗಿ ತುಂಬಿದ ಚೀಲಗಳನ್ನು ಅಟ್ಟದ ನಡುವೆ, ಯಂತ್ರದ ಸುತ್ತ ಹರಡಿ. ಚೀಲ ಬಿರಿಯುವಂತೆ ತುಂಬಬೇಡಿ, ಒಳಗೆ ಕಾಳಿಗೆ ಕಾಳು ಉಜ್ಜಬೇಕು. ಶಕ್ತಿ ಕಳೆಯುವುದೇ ಆ ಉಜ್ಜಾಟದಲ್ಲಿ. ಮರಳಿನ ರಾಶಿ ಅಟ್ಟದ ಲಯವನ್ನು ತುಸು ಇಳಿಸಿ 12ರಿಂದ ಇನ್ನಷ್ಟು ದೂರ ಒಯ್ಯುತ್ತದೆ, ಅದೂ ಲಾಭವೇ. ಆದರೆ ಅಟ್ಟ ಅಷ್ಟು ಭಾರ ತಾಳುತ್ತದೆಯೇ ಎಂದು ಬಡಗಿಯವರನ್ನು ಕೇಳಿ. ಇಲ್ಲಿ ಅವರ ಮಾತೇ ಕೊನೆಯದು. ತೊಲೆಯ ತುದಿ ಗೋಡೆಯೊಳಗೆ ಹೋಗುವ ಜಾಗವನ್ನು ಗೆದ್ದಲಿಗಾಗಿ, ಮಳೆಗಾಲದ ಪಸೆಗಾಗಿ ಪರೀಕ್ಷಿಸಲಿ.

ಅದಕ್ಕೂ ಮೊದಲು ಮಾಡಬೇಕಾದದ್ದು ಚಕ್ರದ ಸಮತೋಲ. ವಿದ್ಯುತ್ ಸಂಪರ್ಕ ತೆಗೆದು, ಬೆಲ್ಟ್ ಬಿಚ್ಚಿ, ಚಕ್ರವನ್ನು ಕೈಯಿಂದ ಮೆಲ್ಲನೆ ತಿರುಗಿಸಿ ಬಿಡಿ. ಪ್ರತಿ ಸಲವೂ ಒಂದೇ ಬದಿ ಕೆಳಗೆ ಬಂದು ನಿಂತರೆ ಆ ಬದಿ ಭಾರ ಎಂದರ್ಥ. ಎದುರು ಬದಿಗೆ ಭದ್ರವಾಗಿ ತೂಕ ಕೂಡಿಸುವ ಕೆಲಸವನ್ನು ಲೇತ್ ಇರುವ ವರ್ಕ್‌ಶಾಪಿನಲ್ಲಿ ಮಾಡಿಸಿ, ತಂತಿ ಸುತ್ತಿ ಕಟ್ಟುವ ಸಾಹಸ ಬೇಡ. ಎಷ್ಟೋ ಸಲ ಕಾರಣ ಇನ್ನೂ ಸರಳವಾಗಿರುತ್ತದೆ: ಒಳಗೆ ಅಂಟಿ ಒಣಗಿದ ಸಿಪ್ಪೆಯ ನಾರು, ಸವೆದ ಬೇರಿಂಗ್, ಬಾಗಿದ ಶಾಫ್ಟ್, ಸಡಿಲವಾದ ಕಾಲಿನ ಬೋಲ್ಟ್. ಒತ್ತೇ ಅರ್ಧವಾದರೆ 23 ಪಟ್ಟು ಹಿಗ್ಗಿದರೂ ನಡುಕ ಅರ್ಧ. ಬೇಗ ನಿಲ್ಲಲೆಂದು ಬೆಲ್ಟಿಗೆ ಮರದ ತುಂಡು ಒತ್ತುವುದನ್ನೂ ಕೈ ಕೊಡುವುದನ್ನೂ ಮಾತ್ರ ಯಾರೂ ಮಾಡಕೂಡದು. ಹಾದುಹೋಗುವ ಸಮಯ ಕಡಿಮೆಯಾಗುತ್ತದೆ ನಿಜ, ಬೆರಳೂ ಕಡಿಮೆಯಾಗುತ್ತದೆ.

ಶಾಶ್ವತ ಪರಿಹಾರ ಬೇಕೆಂದರೆ ಎರಡು ದಾರಿ. ಯಂತ್ರ ಅಟ್ಟದಲ್ಲೇ ಇರಬೇಕು ಎಂಬ ಹಟವಿದ್ದರೆ, ತೊಲೆಯ ಬದಲು ಕಂಬ ಕೊಡಿಸಿ. ಯಂತ್ರದ ಕಾಲುಗಳು ನಿಂತಿರುವ ತೊಲೆಯ ಅಡಿಗೇ, ಕೊಟ್ಟಿಗೆಯ ಹಸಿ ಮಣ್ಣಿನ ಮೇಲಲ್ಲ, ಆಳಕ್ಕೆ ಕೂರಿಸಿದ ಕಲ್ಲಿನ ಮೇಲೆ. ಆಗ ಲಯ 12ನ್ನೂ 24ನ್ನೂ ಹಿಂದೆ ಬಿಟ್ಟು 30ರ ಆಚೆಗೆ ಹೋಗುವುದು ಸಾಧ್ಯ. ಹೋಯಿತೇ ಎಂದು ಮತ್ತೆ ಹಿಮ್ಮಡಿ ಕುಟ್ಟಿ ಅಳೆಯಿರಿ. ನನ್ನ ಆಯ್ಕೆ ಕೇಳಿದರೆ ಎರಡನೆಯದು: ಯಂತ್ರವನ್ನು ನೆಲಕ್ಕೆ ಇಳಿಸಿ, ಅದರ ತೂಕದ ಮೂರು ಪಟ್ಟಾದರೂ ಇರುವ ಕಾಂಕ್ರೀಟ್ ಕಟ್ಟೆಯ ಮೇಲೆ ಬೋಲ್ಟ್ ಹಾಕಿ ನಿಲ್ಲಿಸಿ. ಕಟ್ಟೆಗೂ ಮನೆಯ ಜಂಬಿಟ್ಟಿಗೆ ಗೋಡೆಗೂ ನಡುವೆ ಅಂತರ ಇರಲಿ. ಸಿಪ್ಪೆ ಹೊರಲು ಒಂದು ಆಳು ಹೆಚ್ಚು ಬೇಕಾಗುತ್ತದೆ, ಹಂಚು ಕೈಯಾಡಿಸುವ ಖರ್ಚು ಉಳಿಯುತ್ತದೆ.

ಇನ್ನು ಸೇತುವೆ. ಸೈನಿಕರ ಕಥೆ ನಿಜ, ಆದರೆ ಹೇಳುವಷ್ಟು ಸರಳವಲ್ಲ. 1831ರಲ್ಲಿ ಇಂಗ್ಲೆಂಡಿನ ಮ್ಯಾಂಚೆಸ್ಟರ್ ಬಳಿಯ ಬ್ರೌಟನ್ ತೂಗುಸೇತುವೆ ಕವಾಯತಿನ ಹೆಜ್ಜೆಗೆ ಕುಸಿಯಿತು. ಒಂದು ಬೋಲ್ಟ್ ಮೊದಲೇ ದುರ್ಬಲವಾಗಿತ್ತು. ಆಮೇಲೆ ಸೇತುವೆಯ ಮೇಲೆ ಹೆಜ್ಜೆ ಮುರಿದು ನಡೆಯುವ ಪದ್ಧತಿ ಬ್ರಿಟಿಷ್ ಸೇನೆಯಲ್ಲಿ ಬಂತು. 1850ರಲ್ಲಿ ಫ್ರಾನ್ಸಿನ ಆಂಜೆಯಲ್ಲಿ ಸೇತುವೆ ಬಿದ್ದು 200ಕ್ಕೂ ಹೆಚ್ಚು ಸೈನಿಕರು ಸತ್ತರು. ಅಂದು ಬಿರುಗಾಳಿಯೂ ಇತ್ತು, ಸರಪಳಿಯ ಬುಡಕ್ಕೆ ತುಕ್ಕೂ ಹಿಡಿದಿತ್ತು. 1940ರ ನವೆಂಬರ್ 7ರಂದು ಅಮೆರಿಕದ ಟಕೋಮಾ ಸೇತುವೆ ಗಾಳಿಗೆ ತಿರುಚಿಕೊಂಡು ಮುರಿದದ್ದನ್ನು ಪಠ್ಯಪುಸ್ತಕಗಳು ಅನುರಣನಕ್ಕೆ ಉದಾಹರಣೆಯಾಗಿ ಕೊಡುತ್ತವೆ. ಅದು ಸರಿಯಲ್ಲ ಎಂದು ನಿಮ್ಮ ಮಗಳಿಗೆ ಹೇಳಿ. ಅಲ್ಲಿ ಹೊರಗಿನಿಂದ ತಾಳ ಹಾಕುವವರು ಇರಲಿಲ್ಲ. ಸೇತುವೆಯ ತಿರುಚಾಟವೇ ಗಾಳಿಯ ಒತ್ತಡವನ್ನು ಬದಲಿಸಿ, ಆ ಒತ್ತಡ ತಿರುಚಾಟಕ್ಕೆ ಇನ್ನಷ್ಟು ಶಕ್ತಿ ತುಂಬಿತು. ಅವಮಂದನ ಶಕ್ತಿಯನ್ನು ಕಳೆಯುತ್ತದೆ ಎಂದೆನಲ್ಲ, ಅಲ್ಲಿ ಗಾಳಿ ಅದನ್ನು ತಲೆಕೆಳಗು ಮಾಡಿತು.

ನಿಮ್ಮ ತೂಗುಸೇತುವೆಗೆ ಹತ್ತಿರದ ನಿದರ್ಶನ ಲಂಡನ್ನಿನ ಮಿಲೇನಿಯಂ ಕಾಲುಸೇತುವೆ. 2000ದ ಜೂನ್ 10ರಂದು ತೆರೆದ ದಿನವೇ ಅದು ಪಕ್ಕಕ್ಕೆ ತೂಗತೊಡಗಿತು, ಎರಡು ದಿನದಲ್ಲಿ ಮುಚ್ಚಬೇಕಾಯಿತು. ಅಲ್ಲಿ ಯಾರೂ ಕವಾಯತು ಮಾಡಿರಲಿಲ್ಲ. ನಾವು ನಡೆಯುವಾಗ ಸೆಕೆಂಡಿಗೆ ಸುಮಾರು ಎರಡು ಹೆಜ್ಜೆ ಇಡುತ್ತೇವೆ, ಕೆಳಮುಖ ಒತ್ತು 2 ಹರ್ಟ್ಜ್. ಆದರೆ ಎಡಗಾಲು ಒಂದು ಕಡೆಗೆ, ಬಲಗಾಲು ಇನ್ನೊಂದು ಕಡೆಗೆ ತಳ್ಳುವುದರಿಂದ ಪಕ್ಕದ ಒತ್ತು ಸೆಕೆಂಡಿಗೆ ಒಂದು. ಉದ್ದನೆಯ ಹಗುರ ಸೇತುವೆಗಳ ಪಕ್ಕದ ಲಯ ಅದೇ ಆಸುಪಾಸಿನಲ್ಲಿರುತ್ತದೆ. ನೆಲ ತೂಗಿದಾಗ ಬೀಳದಿರಲು ಜನ ಕಾಲು ಅಗಲಿಸಿ ತೂಗಾಟಕ್ಕೆ ಮೈ ಹೊಂದಿಸುತ್ತಾರೆ, ಆ ಹೊಂದಾಣಿಕೆಯೇ ತೂಗಾಟವನ್ನು ಬೆಳೆಸುತ್ತದೆ. ಮಂದಿ ಒಂದು ಮಿತಿ ದಾಟುವವರೆಗೆ ಏನೂ ಕಾಣುವುದಿಲ್ಲ, ದಾಟಿದ ಮೇಲೆ ಏಕಾಏಕಿ ಶುರುವಾಗುತ್ತದೆ. ಅದನ್ನು ಬಿಗಿ ಹೆಚ್ಚಿಸಿ ಸರಿಪಡಿಸಲಿಲ್ಲ. ದ್ರವದಿಂದ ಕೆಲಸ ಮಾಡುವ ಅವಮಂದಕಗಳನ್ನೂ, ಸೇತುವೆಯ ಲಯಕ್ಕೇ ಹೊಂದಿಸಿದ ತೂಗು ತೂಕಗಳನ್ನೂ ಅಳವಡಿಸಿ 2002ರಲ್ಲಿ ಮತ್ತೆ ತೆರೆದರು. ಅಲ್ಲಿ ಅವಮಂದನ ಸರಿಯಾದ ಮದ್ದು, ಯಾಕೆಂದರೆ ಜನರ ನಡಿಗೆಯ ಲಯವನ್ನು ಬದಲಿಸಲು ಯಾವ ಇಂಜಿನಿಯರನಿಂದಲೂ ಆಗದು.

ಅವಮಂದನ ತೀರಾ ಕಡಿಮೆ ಇರುವ ವಸ್ತುಗಳನ್ನು ನೋಡಬೇಕೆಂದರೆ ನಮ್ಮ ಜಿಲ್ಲೆಯಲ್ಲೇ ಬೇಕಾದಷ್ಟಿವೆ. ಶರಾವತಿಯ ವಿದ್ಯುತ್ ಹೊತ್ತು ಗುಡ್ಡ ದಾಟುವ ದೊಡ್ಡ ಗೋಪುರಗಳ ತಂತಿಗಳಲ್ಲಿ, ಗೋಪುರದ ಹತ್ತಿರ ಜೋತಾಡುವ ಚಿಕ್ಕ ಡಂಬೆಲ್‌ನಂಥ ವಸ್ತುಗಳನ್ನು ಗಮನಿಸಿದ್ದೀರಾ? ಹಕ್ಕಿ ಕೂರದಿರಲಿ ಎಂದು ಕಟ್ಟಿದ್ದಾರೆ ಎಂದು ಹಲವರು ಹೇಳುತ್ತಾರೆ, ಅದಲ್ಲ. ತಂತಿಯ ಹಿಂಬದಿಯಲ್ಲಿ ಗಾಳಿ ಮೇಲೊಂದು ಕೆಳಗೊಂದು ಸುಳಿ ಬಿಡುತ್ತಾ ಹೋಗುತ್ತದೆ. 3 ಸೆಂಟಿಮೀಟರ್ ದಪ್ಪದ ತಂತಿಗೆ ಸೆಕೆಂಡಿಗೆ 3 ಮೀಟರಿನ ಮಂದ ಗಾಳಿ ಬೀಸಿದರೆ ಸೆಕೆಂಡಿಗೆ 20 ಸುಳಿ ಜೋಡಿ. ಉದ್ದನೆಯ ತಂತಿಗೆ ಅಸಂಖ್ಯ ಲಯಗಳಿರುವುದರಿಂದ ಯಾವುದಾದರೊಂದು ಹೊಂದಿಯೇ ಹೊಂದುತ್ತದೆ. ಬಿರುಗಾಳಿಗಿಂತ ಈ ಮಂದ ಗಾಳಿಯೇ ತಂತಿಯನ್ನು ಹಿಡಿಕೆಯ ಬಳಿ ವರ್ಷಗಳ ಮೇಲೆ ಬಳಲಿಸಿ ಕಡಿಯುವುದು. ಆ ಡಂಬೆಲ್ ಕಳೆದ ಶತಮಾನದ ಇಪ್ಪತ್ತರ ದಶಕದಲ್ಲಿ ಅಮೆರಿಕದ ಜಾರ್ಜ್ ಸ್ಟಾಕ್‌ಬ್ರಿಜ್ ಕಂಡುಹಿಡಿದ ಅವಮಂದಕ. ಅದರ ನಡುವಿನ ಹೆಣೆದ ಉಕ್ಕಿನ ಹುರಿಯ ಎಳೆಗಳು ಒಂದನ್ನೊಂದು ಉಜ್ಜಿ ಶಕ್ತಿಯನ್ನು ಕಳೆಯುತ್ತವೆ. 2025ರ ಜುಲೈನಲ್ಲಿ ಉದ್ಘಾಟನೆಯಾದ ಅಂಬಾರಗೋಡ್ಲು–ಕಳಸವಳ್ಳಿ ಸೇತುವೆಯಂಥ ಕೇಬಲ್ ಸೇತುವೆಗಳ ಪ್ರಪಂಚದಲ್ಲೂ ಇದು ಹಳೆಯ ಚಿಂತೆ. ಮಳೆ ಮತ್ತು ಗಾಳಿ ಒಟ್ಟಿಗೆ ಬಂದಾಗ ಓರೆ ಕೇಬಲಿನ ಮೇಲೆ ಇಳಿಯುವ ನೀರಿನ ಎಳೆ ಅದರ ಆಕಾರವನ್ನೇ ಬದಲಿಸಿ ಕಂಪನ ಎಬ್ಬಿಸುತ್ತದೆ ಎಂಬುದನ್ನು ಎಂಬತ್ತರ ದಶಕದಲ್ಲಿ ಜಪಾನಿನಲ್ಲಿ ಗುರುತಿಸಿದರು. ಕೇಬಲಿನ ಹೊದಿಕೆಯ ಮೇಲೆ ಸುರುಳಿ ಏಣು ಕೊಡುವುದೂ, ಬುಡದಲ್ಲಿ ಅವಮಂದಕ ಇಡುವುದೂ ಆಮೇಲೆ ರೂಢಿಗೆ ಬಂತು. ಇಂಥ ಕೇಬಲುಗಳ ಸ್ವಂತ ಅವಮಂದನ ಶೇಕಡ ಒಂದರ ಹತ್ತನೇ ಒಂದೆರಡು ಭಾಗದಷ್ಟು ಮಾತ್ರ. ಅದರ ಮುಂದೆ ನಿಮ್ಮ ಅಟ್ಟ ಶಾಂತಮೂರ್ತಿ.

ಅನುರಣನವನ್ನು ಶತ್ರುವೆಂದೇ ನೋಡಬೇಕಾಗಿಲ್ಲ. ತೋಟದಲ್ಲಿ ಗೊನೆ ಕೊಯ್ಯುವ ಕೊನೆಗೌಡರು ಒಂದು ಅಡಿಕೆ ಮರದ ತುದಿಯಿಂದ ಪಕ್ಕದ ಮರಕ್ಕೆ ದಾಟುವುದನ್ನು ನೋಡಿ. ತೆಳ್ಳಗಿನ ಮರ ಒಂದು ಸಲ ತೂಗಿ ಬರಲು ಕೆಲವು ಸೆಕೆಂಡು ಹಿಡಿಯುತ್ತದೆ. ಅವರು ಬಲ ಹಾಕಿ ಎಳೆಯುವುದಿಲ್ಲ, ಮರ ತಿರುಗುವ ಹೊತ್ತಿಗೆ ಸರಿಯಾಗಿ ಮೈ ವಾಲಿಸಿ ತೂಗಾಟವನ್ನು ಬೆಳೆಸುತ್ತಾ ಹೋಗಿ, ಪಕ್ಕದ ಮರ ಕೈಗೆ ಸಿಕ್ಕ ಕೂಡಲೇ ದಾಟುತ್ತಾರೆ. ಗೊನೆ ತುಂಬಿದ ಮರಕ್ಕೂ ಕೊಯ್ದ ಮರಕ್ಕೂ ಲಯ ಬೇರೆ ಎಂಬುದು ಅವರ ಮೈಗೆ ಗೊತ್ತು. ನೆಲದ ಮೇಲೆ ನಿಂತು ದೋಟಿ ಹಿಡಿದವರಿಗೂ ಇದೇ ಪಾಠ ಇನ್ನೊಂದು ರೀತಿಯಲ್ಲಿ ಸಿಗುತ್ತದೆ: ದೋಟಿಯ ಉದ್ದ ಎರಡು ಪಟ್ಟಾದರೆ ಅದರ ಲಯ ನಾಲ್ಕನೇ ಒಂದು ಭಾಗಕ್ಕೆ ಇಳಿಯುತ್ತದೆ, ತುದಿ ನಿಲ್ಲುವವರೆಗೆ ಕಾಯುವುದೇ ಕೆಲಸವಾಗುತ್ತದೆ. ಉದ್ದದ ದೋಟಿಗೆ ಹಗುರ ಮತ್ತು ಬಿಗಿ ಎರಡೂ ಇರುವ ಕಾರ್ಬನ್ ಫೈಬರ್ ಒಪ್ಪುವುದು ಅದಕ್ಕೇ.

ಮಕ್ಕಳ ವಿಷಯಕ್ಕೆ ಬಂದರೆ, ಸುಸ್ಥಿತಿಯಲ್ಲಿರುವ ತೂಗುಸೇತುವೆ ತೂಗುವುದೇ ಅಪಾಯದ ಲಕ್ಷಣವಲ್ಲ. ಅದು ತೂಗಲೆಂದೇ ಕಟ್ಟಿದ್ದು. ಆದರೆ ಸಾಲಾಗಿ ಓಡುವುದನ್ನೂ, ನಡುವೆ ನಿಂತು ಬೇಕೆಂದೇ ತೂಗಿಸುವುದನ್ನೂ ಬಿಡಿಸಿ. ಶಾಲೆ ಬಿಟ್ಟಾಗ ಚಿಕ್ಕ ಗುಂಪುಗಳಲ್ಲಿ ಮಾತಾಡುತ್ತಾ ನಡೆದು ಹೋಗಲಿ. ತೂಗಾಟ ಶುರುವಾದರೆ ಎಲ್ಲರೂ ಒಂದು ಕ್ಷಣ ನಿಂತುಬಿಡಬೇಕು, ಒತ್ತು ನಿಂತರೆ ಕಂಪನ ತಾನೇ ಇಳಿಯುತ್ತದೆ. ಮಳೆಗಾಲ ಮುಗಿದ ಮೇಲೆ ಪಂಚಾಯಿತಿಯವರನ್ನು ಕರೆದುಕೊಂಡು ಹೋಗಿ ಮೂರು ಕಡೆ ನೋಡಿ: ಹಗ್ಗ ಕಂಬಕ್ಕೆ ಸೇರುವಲ್ಲಿ ಬಿಗಿಸಿರುವ ಕ್ಲಾಂಪುಗಳು, ದಡದ ಕಾಂಕ್ರೀಟಿನೊಳಗೆ ಇಳಿಯುವ ಸರಳುಗಳ ಬುಡ, ಪಕ್ಕದ ತೂಗಾಟ ತಡೆಯಲು ದಡಕ್ಕೆ ಎಳೆದು ಕಟ್ಟಿದ ಗಾಳಿ ಹಗ್ಗಗಳು. ಈ ಕೊನೆಯವನ್ನು ದನ ಅಡ್ಡ ಬರುತ್ತದೆಂದೋ ನೆರೆಗೆ ಸಿಕ್ಕಿತೆಂದೋ ಬಿಚ್ಚಿಟ್ಟು ಮತ್ತೆ ಕಟ್ಟದೆ ಬಿಡುವುದುಂಟು. ನಿಮ್ಮ ಸೇತುವೆ ಮೊದಲಿಗಿಂತ ಹೆಚ್ಚು ತೂಗುತ್ತಿದ್ದರೆ ಅಲ್ಲಿಂದಲೇ ಹುಡುಕಲು ಶುರು ಮಾಡಿ. ಮಗಳ ಮೊಬೈಲನ್ನೂ ಒಯ್ಯಿರಿ. ಜರ್ಮನಿಯ ಆಖೆನ್ ವಿಶ್ವವಿದ್ಯಾಲಯದವರು ರೂಪಿಸಿದ ಫೈಫಾಕ್ಸ್ ಎಂಬ ಉಚಿತ ಆ್ಯಪ್‌ನಲ್ಲಿ ಕಂಪನದ ಆವೃತ್ತಿ ನೇರವಾಗಿ ಓದಬಹುದು. ಸೇತುವೆಯ ನಡುವೆ ಇಟ್ಟು ಪಕ್ಕದ ತೂಗಾಟವನ್ನು ಪ್ರತಿ ವರ್ಷ ಒಮ್ಮೆ ಅಳೆದು ಬರೆದಿಡಲಿ. ಹಲಗೆ, ಹಗ್ಗ ಏನೂ ಬದಲಿಸದೆ ಆವೃತ್ತಿ ಇಳಿದಿದ್ದರೆ ಎಲ್ಲೋ ಬಿಗಿ ಕಳೆದಿದೆ, ಆಗ ಸೇತುವೆ ಬಲ್ಲ ಇಂಜಿನಿಯರರನ್ನು ಕರೆಸಿ ತೋರಿಸಬೇಕು.